ಕೊಂಡ ಮೇಲೂ ಅಪ್ಪಣೆ ಬೇಕೇ?

ಕಳೆದ ದೀಪಾವಳಿಯ ರಜೆಗೆ, ಹೈದರಾಬಾದಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿರುವ ನನ್ನ ಸೋದರಳಿಯ ನಾಗಲಗಿದ್ದದ ನಮ್ಮ ಮನೆಗೆ ಬಂದಿದ್ದ. ಅವನ ಲ್ಯಾಪ್‌ಟಾಪಿನಲ್ಲಿ ಒಂದು ಆಟವಿತ್ತು. ವರ್ಷವಿಡೀ ಕೂಡಿಟ್ಟ ಕೈಖರ್ಚಿನ ಹಣದಿಂದ ಕೊಂಡದ್ದು. ಒಬ್ಬನೇ ಕುಳಿತು ಆಡುವಂಥದ್ದು. ಊರಿನಲ್ಲಿ ನೆಟ್‌ವರ್ಕ್ ದುರ್ಬಲವೆಂದು ಬಲ್ಲ ಹುಡುಗ ಅದನ್ನು ಪೂರ್ತಿಯಾಗಿ ಪಟ್ಟಣದಲ್ಲಿಯೇ ಇಳಿಸಿಕೊಂಡು ಬಂದಿದ್ದ. ಲಕ್ಷ್ಮೀಪೂಜೆಯ ಮರುದಿನ ಮುಂಜಾನೆ ತಮ್ಮತಂಗಿಯರನ್ನು ಸುತ್ತ ಕೂಡಿಸಿಕೊಂಡು ಆಟ ತೆರೆಯಲು ಹೋದ. ಮೊದಲು ತೆರೆದದ್ದು ಆಟವನ್ನು ಮಾರಿದ ಅಂಗಡಿಯ ತಂತ್ರಾಂಶ. ಅದರ ಬೆನ್ನಿಗೆ ಆಟ ತಯಾರಿಸಿದ ಕಂಪನಿಯ ಮತ್ತೊಂದು ತಂತ್ರಾಂಶ ಎದ್ದು ನಿಂತು, ತಾನು ಮೊದಲು ಅಪ್‌ಡೇಟ್ ಆಗಬೇಕೆಂದು ಹೇಳಿ ಒಂದು ಗಂಟೆ ತೆಗೆದುಕೊಂಡಿತು. ಬಳಿಕ ಖಾತೆಯ ಹೆಸರು ಕೇಳಿತು, ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಮರೆತಿತ್ತು. ಮರೆತವರಿಗಾಗಿ ಇರಿಸಿದ್ದ ದಾರಿ ಹಿಡಿದರೆ, ಹುಟ್ಟಿದ ದಿನಾಂಕವನ್ನು ಕೇಳಿತು.

ಹುಡುಗ ತನ್ನ ಹುಟ್ಟಿದ ದಿನಾಂಕವನ್ನು ಬರೆದ. ತಪ್ಪೆಂದಿತು. ಇನ್ನೊಂದು ಬರೆದ. ಅದೂ ತಪ್ಪೆಂದಿತು. ಪಕ್ಕದಲ್ಲಿ ಕುಳಿತಿದ್ದ ನಾನು ಅಚ್ಚರಿಯಿಂದ, "ನಿನ್ನ ಹುಟ್ಟಿದ ತಾರೀಖು ನಿನಗೇ ಗೊತ್ತಿಲ್ಲೇನು?" ಎಂದೆ.

"ಗೊತ್ತದ ಮಾಮಾ. ಆದ್ರ ಖಾತೆ ತೆಗಿಯೋ ಮುಂದ ಸಣ್ಣಾಂವ ಇದ್ದೆ. ವಯಸ್ಸು ಸಾಲಲ್ಲ ಅಂತು. ಸುಳ್ಳು ತಾರೀಖು ಕೊಟ್ಟಿದ್ದೆ. ಯಾವುದು ಕೊಟ್ಟೆ ನೆನಪಿಲ್ಲ. ಖರೆ ಕೊಟ್ಟಿದ್ರ ನೆನಪಿರ್ತಿತ್ತು."

ಮಕ್ಕಳು ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ. ಹಣ ತೆತ್ತು ಕೊಂಡ ವಸ್ತು. ಅದು ನಮ್ಮ ಮನೆಯೊಳಗೆ, ನಮ್ಮ ಯಂತ್ರದೊಳಗೆ ಪೂರ್ತಿಯಾಗಿ ಇದೆ. ಆದರೂ ಅದನ್ನು ಮುಟ್ಟಲು ಸಾವಿರಾರು ಮೈಲಿ ದೂರದ ಯಾರದೋ ಅಪ್ಪಣೆ ಬೇಕು. ಆ ಅಪ್ಪಣೆಗಾಗಿ ಮಗುವೊಂದು ಸುಳ್ಳು ಹೇಳುವುದನ್ನು ಕಲಿತಿದೆ. ಇದನ್ನು ಮಕ್ಕಳಾಟದ ಕಿರಿಕಿರಿ ಎಂದು ತಳ್ಳಿಹಾಕಬಹುದೇ, ಅಥವಾ ಇದರಲ್ಲಿ ನ್ಯಾಯಾನ್ಯಾಯದ ಪ್ರಶ್ನೆಯೊಂದು ಅಡಗಿದೆಯೇ? ಅಡಗಿದೆ ಎಂಬುದು ನನ್ನ ನಂಬಿಕೆ. ಈ ಸಂಚಿಕೆಯ ಓದುಗರ ಮುಂದೆ ಅದನ್ನು ವಿಚಾರಕ್ಕೆ ಇಡುತ್ತಿದ್ದೇನೆ.

ಹಿರಿಯರು ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಕೊಡುವ ಉತ್ತರ ಒಂದಿದೆ: "ಆ ಪೆಟ್ಟಿಗೆಯನ್ನು ಮುಚ್ಚಿಡು, ಕಟ್ಟೆಯ ಮೇಲೆ ಸುಣ್ಣದಿಂದ ಮನೆ ಬರೆದು ಹುಲಿ-ಕುರಿ ಆಡು, ಅದಕ್ಕೆ ಯಾರ ಅಪ್ಪಣೆಯೂ ಬೇಡ." ಅಂದು ನಮ್ಮ ಮನೆಯಲ್ಲಿಯೂ ಈ ಮಾತು ಬಂತು. ಹುಲಿ-ಕುರಿ ಸೊಗಸಾದ ಆಟವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇದು ಕೇಳಿದ ಪ್ರಶ್ನೆಗೆ ಉತ್ತರವಲ್ಲ. ಒಬ್ಬನ ಅಭಿರುಚಿ ನಮಗೆ ಹಿಡಿಸದಿದ್ದರೆ ಅವನ ಹಕ್ಕು ಇಲ್ಲವಾಗುವುದಿಲ್ಲ. ಇಂದು ಆಟದ ಬಾಗಿಲಲ್ಲಿ ನಿಂತ ಕಾವಲುಗಾರ ನಾಳೆ ಪುಸ್ತಕದ ಬಾಗಿಲಲ್ಲಿ, ನಾಡಿದ್ದು ಹೊಲದ ಯಂತ್ರದ ಬಾಗಿಲಲ್ಲಿ ನಿಲ್ಲಬಲ್ಲ.

ಈ ಕಾವಲುಗಾರನಿಗೆ ಹುಡುಗರು 'ಲಾಂಚರ್' ಎನ್ನುತ್ತಾರೆ. ಆಟಕ್ಕೂ ಆಡುವವನಿಗೂ ನಡುವೆ ನಿಲ್ಲುವ ತಂತ್ರಾಂಶವದು. ಇದರ ಚರಿತ್ರೆ ಬಹಳ ಹಳೆಯದೇನಲ್ಲ. ಅಮೆರಿಕದ ವಾಲ್ವ್ ಕಂಪನಿ 2003ರಲ್ಲಿ 'ಸ್ಟೀಮ್' ಎಂಬ ತಂತ್ರಾಂಶವನ್ನು ಹೊರತಂದಿತು. ಮರುವರ್ಷ 2004ರ ನವೆಂಬರಿನಲ್ಲಿ ಅದೇ ಕಂಪನಿಯ 'ಹಾಫ್-ಲೈಫ್ 2' ಬಂದಾಗ, ಅಂಗಡಿಯಿಂದ ಡಿಸ್ಕನ್ನು ಕೈಯಾರೆ ಕೊಂಡು ತಂದವರೂ ಸ್ಟೀಮ್ ಖಾತೆ ತೆರೆದು ಅಂತರ್ಜಾಲದ ಮೂಲಕ ಒಪ್ಪಿಗೆ ಪಡೆಯಬೇಕಾಯಿತು. ಮುಂದೆ ಒಂದೊಂದು ದೊಡ್ಡ ಕಂಪನಿಯೂ ತನ್ನದೇ ಲಾಂಚರನ್ನು ತಂದಿತು. ಹೀಗಾಗಿ ಒಂದು ಅಂಗಡಿಯಲ್ಲಿ ಕೊಂಡ ಆಟ ಇನ್ನೊಂದು ಕಂಪನಿಯ ಬಾಗಿಲನ್ನೂ ತಟ್ಟಬೇಕಾಗಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಪೂಜಾರಿಗಳೇ ಇಬ್ಬರು, ಮೂವರು.

ಇದು ದೂರದೇಶದವರ ವ್ಯವಹಾರ, ಕನ್ನಡಿಗರಿಗೇನು ಎನ್ನುವಂತಿಲ್ಲ. ಕಂಪ್ಯೂಟರ್ ಆಟಗಳನ್ನು ರೂಪಿಸುವ ಭಾರತದ ಮೊದಲ ಕಂಪನಿಗಳಲ್ಲಿ ಒಂದಾದ 'ಧ್ರುವ ಇಂಟರಾಕ್ಟಿವ್' 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. 2019ರಲ್ಲಿ ಅದನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು; ಅದೇ ವರ್ಷ ಆ ಕಂಪನಿ ತನ್ನ ಲಾಂಚರನ್ನೂ ಬಿಡುಗಡೆ ಮಾಡಿತು. ಇಂಥ ತಂತ್ರಾಂಶಗಳನ್ನು ಬಳಸುವವರು ಮಾತ್ರವಲ್ಲ, ಕಟ್ಟುವವರೂ ನಮ್ಮ ಮಕ್ಕಳೇ. ಆದುದರಿಂದ ಪ್ರಶ್ನೆ ನಮ್ಮ ಮನೆಯೊಳಗಿನದು.

ಇನ್ನು ವಿಚಾರಕ್ಕೆ ಬರೋಣ. 'ಕೊಳ್ಳುವುದು' ಎಂದರೇನು? ನಮ್ಮ ಸೀಮೆಯ ರೈತನನ್ನು ಕೇಳಿದರೆ ಅವನು ತಡವರಿಸದೆ ಹೇಳಿಯಾನು. ಕೊಂಡ ಹೊಲ ಬೇರೆ, ಕೌಲಿಗೆ ಹಿಡಿದ ಹೊಲ ಬೇರೆ. ಕೌಲಿನ ಹೊಲದಲ್ಲಿ ಒಡೆಯ ಮುಂದಿನ ಯುಗಾದಿಗೆ ಬಿಡು ಎಂದರೆ ಬಿಡಬೇಕು; ಅದಕ್ಕೇ ಕೌಲಿನ ಹಣ ಕಡಿಮೆ. ಕೊಂಡ ಹೊಲಕ್ಕೆ ಒಂದೇ ಸಲ ದೊಡ್ಡ ಬೆಲೆ ತೆರುತ್ತೇವೆ; ಪಟ್ಟಾ ನಮ್ಮ ಹೆಸರಿಗಾಗುತ್ತದೆ; ಆಮೇಲೆ ಮಾರಿದವನು ದಿನಬೆಳಗಾದರೆ ಬದುವಿನ ಮೇಲೆ ನಿಂತು "ನೀನು ಯಾರು?" ಎಂದು ಕೇಳುವುದಿಲ್ಲ. ಎರಡೂ ಪ್ರಾಮಾಣಿಕ ವ್ಯವಹಾರಗಳೇ. ಅಪ್ರಾಮಾಣಿಕವಾದುದು ಮೂರನೆಯದು: ಕ್ರಯದ ಹಣ ಪಡೆದು, ಕೌಲಿನ ಹಕ್ಕು ಕೊಡುವುದು. ಲಾಂಚರಿನ ಹಿಂದಿರುವ ಒಪ್ಪಂದಗಳಲ್ಲಿ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ. ಗುಂಡಿಯ ಮೇಲೆ 'ಕೊಳ್ಳಿರಿ' ಎಂದು ಬರೆದಿರುತ್ತದೆ. ಒಪ್ಪಂದದೊಳಗೆ, ನೀವು ಪಡೆದಿರುವುದು ಬಳಕೆಯ ಪರವಾನಗಿ ಮಾತ್ರ, ಅದನ್ನು ಹಿಂತೆಗೆದುಕೊಳ್ಳಬಹುದು ಎಂದು ಬರೆದಿರುತ್ತದೆ.

ಹಿಂತೆಗೆದುಕೊಳ್ಳುವುದು ಬರಿಯ ಮಾತಲ್ಲ. ಯೂಬಿಸಾಫ್ಟ್ ಕಂಪನಿ 2014ರಲ್ಲಿ 'ದಿ ಕ್ರೂ' ಎಂಬ ಕಾರೋಟದ ಆಟವನ್ನು ಮಾರಿತು. ಒಬ್ಬನೇ ಆಡಬಹುದಾದ ಭಾಗ ಅದರಲ್ಲಿ ಬೇಕಾದಷ್ಟಿತ್ತು. ಆದರೆ ಕಂಪನಿಯ ಸರ್ವರಿನ ಸಂಪರ್ಕವಿಲ್ಲದೆ ಅದು ತೆರೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಆ ಸರ್ವರನ್ನು ನಿಲ್ಲಿಸಲಾಯಿತು. ಅಂದು, ಡಿಸ್ಕು ಕಪಾಟಿನಲ್ಲಿದ್ದವನಿಗೂ ಆ ಆಟ ಇಲ್ಲವಾಯಿತು. ಇದನ್ನು ಕಂಡು ರಾಸ್ ಸ್ಕಾಟ್ ಎಂಬವರು 'ಸ್ಟಾಪ್ ಕಿಲ್ಲಿಂಗ್ ಗೇಮ್ಸ್' ಎಂಬ ಚಳವಳಿ ಹೂಡಿದರು. ಯುರೋಪಿನಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ನಾಗರಿಕರು ಅದರ ಮನವಿಗೆ ಸಹಿ ಹಾಕಿದರು. ಎಂದೆಂದಿಗೂ ಸರ್ವರ್ ನಡೆಸಿರೆಂದು ಅವರು ಕೇಳಲಿಲ್ಲ. ನೀವು ಹೋಗುವಾಗ ಬೀಗ ತೆಗೆದು ಹೋಗಿರಿ ಎಂಬುದಷ್ಟೇ ಅವರ ಕೋರಿಕೆ. ಕ್ಯಾಲಿಫೋರ್ನಿಯಾ ರಾಜ್ಯವಂತೂ 2025ರ ಜನವರಿಯಿಂದ ಜಾರಿಗೆ ಬಂದ ಶಾಸನವೊಂದರಲ್ಲಿ, ಪರವಾನಗಿಯನ್ನು ಮಾತ್ರ ಕೊಡುವವರು ಅದನ್ನು ಕೊಳ್ಳುವವರಿಗೆ ಮೊದಲೇ ಸ್ಪಷ್ಟವಾಗಿ ತಿಳಿಸಬೇಕೆಂದು ವಿಧಿಸಿತು. ಕೌಲನ್ನು ಕೌಲೆಂದೇ ಕರೆಯಿರಿ ಎಂದಂತಾಯಿತು.

ಮಾರಿದವನ ಅಧಿಕಾರ ಎಲ್ಲಿ ಮುಗಿಯಬೇಕೆಂಬ ಜಿಜ್ಞಾಸೆ ಹೊಸದಲ್ಲ. ಅಮೆರಿಕದ ಪ್ರಕಾಶಕರೊಬ್ಬರು ತಮ್ಮ ಪುಸ್ತಕವನ್ನು ಇಂತಿಷ್ಟೇ ಬೆಲೆಗೆ ಮಾರಬೇಕೆಂದು ಪುಸ್ತಕದಲ್ಲಿಯೇ ಅಚ್ಚು ಹಾಕಿಸಿದ್ದರು. 1908ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅದನ್ನು ಮನ್ನಿಸಲಿಲ್ಲ. ಒಮ್ಮೆ ಮಾರಿದ ಪ್ರತಿಯ ಮುಂದಿನ ಮಾರಾಟದ ಬೆಲೆಯ ಮೇಲೆ ಕೃತಿಸ್ವಾಮ್ಯವುಳ್ಳವನಿಗೆ ಹಿಡಿತವಿಲ್ಲವೆಂದಿತು. ನಾವು ಒಂದು ಕಾದಂಬರಿಯನ್ನು ಕೊಂಡು, ಓದಿ, ಗೆಳೆಯನಿಗೆ ಕೊಟ್ಟು, ಅವನು ಗ್ರಂಥಾಲಯಕ್ಕೆ ಕೊಡುವ ಸಂಸ್ಕೃತಿ ಇಂಥ ತಿಳಿವಳಿಕೆಯ ಮೇಲೆಯೇ ನಿಂತಿದೆ. ಕೃತಿ ಲೇಖಕನದು, ಪ್ರತಿ ಓದುಗನದು. ಭಾರತದ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ತಂತ್ರಾಂಶವನ್ನೂ ಸಾಹಿತ್ಯ ಕೃತಿಯ ಗುಂಪಿನಲ್ಲಿಯೇ ಸೇರಿಸಿದೆ. ಆದರೆ ಲಾಂಚರ್ ಬಂದ ಮೇಲೆ ಪ್ರತಿಯೆಂಬುದೇ ಕರಗಿಹೋಯಿತು. ಗೆಳೆಯನಿಗೆ ಕೊಡುವಂತಿಲ್ಲ, ತಮ್ಮನಿಗೆ ಬಿಟ್ಟುಹೋಗುವಂತಿಲ್ಲ, ಉಳಿದದ್ದು ಖಾತೆಯೊಂದೇ.

ಇದಕ್ಕೆ ಹತ್ತಿರದ ಇನ್ನೊಂದು ಪ್ರಶ್ನೆ ನಮ್ಮ ನೆಲದಲ್ಲಿಯೇ ಎದ್ದಿತ್ತು. ನಾಗಲಗಿದ್ದದಿಂದ ಜಹೀರಾಬಾದಿನ ಕಡೆಗೆ ಹೋದರೆ, ಪಟ್ಟಣದ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯಿದೆ. 1983ರಲ್ಲಿ ಆರಂಭವಾದ ಈ ಸಂಸ್ಥೆಯ ಆಶ್ರಯದಲ್ಲಿ, ಬಹುಪಾಲು ದಲಿತ ಮಹಿಳೆಯರೇ ಇರುವ ಸಂಘಗಳು ಜೋಳ, ನವಣೆ, ಸಜ್ಜೆ, ತೊಗರಿಯಂಥ ಬೆಳೆಗಳ ಬೀಜಗಳನ್ನು ಮನೆಯಲ್ಲಿ ಕಾಪಿಟ್ಟು, ಒಬ್ಬರಿಗೊಬ್ಬರು ಕೊಟ್ಟು, ಮರಳಿ ಪಡೆದು ಉಳಿಸಿಕೊಂಡಿವೆ. 2019ರಲ್ಲಿ ಸಂಸ್ಥೆಗೆ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತು. ಮನೆಯ ಬೀಜಕ್ಕೂ ಅಂಗಡಿಯ ಹೈಬ್ರಿಡ್ ಬೀಜಕ್ಕೂ ಇರುವ ಅಂತರವನ್ನು ಆ ತಾಯಂದಿರು ಬಲ್ಲರು. ಹೈಬ್ರಿಡ್ ಬೀಜದ ಗುಣ ಮುಂದಿನ ಪೀಳಿಗೆಗೆ ಹಾಗೆಯೇ ಇಳಿಯದು. ಆದುದರಿಂದ ಪ್ರತಿ ಮುಂಗಾರಿಗೂ ಅಂಗಡಿಯ ಬಾಗಿಲಿಗೆ ಹೋಗಬೇಕು. ನಮ್ಮ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯು ತಳಿ ರೂಪಿಸಿದವನ ಹಕ್ಕನ್ನು ಮನ್ನಿಸುತ್ತಲೇ, ರೈತನಿಗೆ ಬೀಜವನ್ನು ಉಳಿಸುವ, ಮರಳಿ ಬಿತ್ತುವ, ಹಂಚಿಕೊಳ್ಳುವ, ಬ್ರಾಂಡಿನ ಹೆಸರಿಲ್ಲದೆ ಮಾರುವ ಹಕ್ಕನ್ನೂ ಉಳಿಸಿಕೊಟ್ಟಿತು. ಬೀಜ ಮರಳಿ ಮೊಳೆಯದಂತೆ ಮಾಡುವ 'ಟರ್ಮಿನೇಟರ್' ತಂತ್ರವುಳ್ಳ ತಳಿಗೆ ನೋಂದಣಿಯನ್ನೇ ನಿರಾಕರಿಸಿತು.

ಅನ್ನದ ಬೀಜವನ್ನೂ ಬಿಡುವಿನ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಒಂದು ಬದುಕಿನ ಪ್ರಶ್ನೆ, ಇನ್ನೊಂದು ವಿನೋದದ್ದು. ಆದರೆ ತತ್ತ್ವ ಒಂದೇ. ರೂಪಿಸಿದವನ ಶ್ರಮಕ್ಕೆ ಬೆಲೆ ಸಲ್ಲಬೇಕು. ಆ ಬೆಲೆ ಸಂದ ಮೇಲೆ ಕೊಂಡವನನ್ನು ಎಂದಿಗೂ ಅಪ್ಪಣೆ ಕೇಳುವವನನ್ನಾಗಿ ಇರಿಸಬಾರದು.

ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ನಾವು ಕೊಳ್ಳುವವರು ಸಾಧುಗಳೇನಲ್ಲ. ಹತ್ತಿಪ್ಪತ್ತು ವರ್ಷಗಳ ಹಿಂದೆ ನಕಲು ಸಿಡಿಗಳು ಸಂತೆಯಲ್ಲಿ ಕೊತ್ತಂಬರಿಯಂತೆ ಮಾರಾಟವಾಗುತ್ತಿದ್ದುದನ್ನು ಕಂಡಿದ್ದೇವೆ, ಕೊಂಡೂ ಇದ್ದೇವೆ. ನೂರಾರು ಜನ ವರ್ಷಗಟ್ಟಲೆ ದುಡಿದು ಕಟ್ಟಿದ್ದನ್ನು ಪುಕ್ಕಟೆಯಾಗಿ ಎತ್ತಿಕೊಂಡವರು ಬೀಗದ ಬಗ್ಗೆ ದೂರುವುದು ಶೋಭಿಸದು. ಹಲವರು ಕೂಡಿ ಆಡುವ ಆಟದಲ್ಲಿ ಮೋಸಗಾರರನ್ನು ಹೊರಗಿಡಲು ಗುರುತು ಬೇಕು. ಯಂತ್ರ ಕೆಟ್ಟರೂ ಖಾತೆಯಿದ್ದವನ ಆಟ ಉಳಿಯುತ್ತದೆ, ಡಿಸ್ಕು ಮುರಿದವನದು ಉಳಿಯುವುದಿಲ್ಲ. ಇವೆಲ್ಲ ನಿಜ. ಆದರೆ ಫಲಿತಾಂಶವನ್ನು ನೋಡಿ: ಕದ್ದವನ ಪ್ರತಿಯಿಂದ ಕಾವಲುಗಾರನನ್ನೇ ಕಿತ್ತು ಹಾಕಿರುತ್ತಾರೆ, ಅದು ಏನನ್ನೂ ಕೇಳದೆ ತೆರೆಯುತ್ತದೆ. ಬೆಲೆ ತೆತ್ತವನ ಪ್ರತಿಯಷ್ಟೇ ಅವನನ್ನು ಶಂಕಿಸಿ ನಿಲ್ಲಿಸುತ್ತದೆ. ಕಳ್ಳನಿಗಾಗಿ ಹಾಕಿದ ಬೀಗ ಕಳ್ಳನನ್ನು ತಡೆಯದೆ ಮನೆಯವನನ್ನೇ ತಡೆಯುವುದಾದರೆ, ಅದನ್ನು ಹಾಕಿದ ಕಾರಣವೇ ಉಳಿಯುವುದಿಲ್ಲ.

ಹಾಗಾದರೆ ಯಾವ ಬೀಗ ನ್ಯಾಯವಾದದ್ದು? ವಸ್ತುವಿನ ಉದ್ದೇಶಕ್ಕೇ ಬೇಕಾದದ್ದು ನ್ಯಾಯವಾದದ್ದು ಎಂದು ನನಗೆ ತೋರುತ್ತದೆ. ಹತ್ತು ಜನ ಕೂಡಿ ಆಡುವಲ್ಲಿ ಹೆಸರು ಕೇಳುವುದು ಸಹಜ. ಒಬ್ಬನೇ ಆಡುವಲ್ಲಿ ಅದು ಅಧಿಕಪ್ರಸಂಗ. 2013ರಲ್ಲಿ ಬಂದ 'ಸಿಮ್‌ಸಿಟಿ' ಎಂಬ ನಗರ ಕಟ್ಟುವ ಆಟಕ್ಕೆ ಸದಾ ಸರ್ವರಿನ ಸಂಪರ್ಕ ಬೇಕೇ ಬೇಕೆಂದು ಕಂಪನಿ ವಿಧಿಸಿತ್ತು. ಬಿಡುಗಡೆಯ ದಿನಗಳಲ್ಲಿ ಸರ್ವರುಗಳು ಕುಸಿದು, ಕೊಂಡವರು ಹೊರಗೇ ನಿಂತರು. ಮರುವರ್ಷ ಅದೇ ಆಟಕ್ಕೆ ಸಂಪರ್ಕವಿಲ್ಲದೆ ಆಡುವ ವ್ಯವಸ್ಥೆ ಬಂತು. ಬೇಕೇ ಬೇಕೆಂದದ್ದು ಬೇಕಿರಲಿಲ್ಲ ಎಂಬುದು ಅಲ್ಲಿಗೆ ಸಿದ್ಧವಾಯಿತು. ಎರಡನೆಯದಾಗಿ, ಬೀಗವಿದೆಯೆಂಬುದನ್ನು ಹಣ ಪಡೆಯುವ ಮೊದಲು ಹೇಳಬೇಕು. 2024ರ ಮೇ ತಿಂಗಳಲ್ಲಿ 'ಹೆಲ್‌ಡೈವರ್ಸ್ 2' ಆಡುತ್ತಿದ್ದವರು ಇನ್ನು ಮುಂದೆ ಸೋನಿ ಕಂಪನಿಯ ಖಾತೆಯನ್ನೂ ಜೋಡಿಸಲೇಬೇಕೆಂಬ ಆದೇಶ ಹೊರಟಿತು. ಆ ಖಾತೆಯ ಸೇವೆಯೇ ಇಲ್ಲದ ದೇಶಗಳಲ್ಲಿಯೂ ಆಟ ಮಾರಾಟವಾಗಿತ್ತು. ಪ್ರತಿಭಟನೆ ಎಷ್ಟಾಯಿತೆಂದರೆ ಕೆಲವೇ ದಿನಗಳಲ್ಲಿ ಆದೇಶವನ್ನು ಹಿಂತೆಗೆದುಕೊಳ್ಳಬೇಕಾಯಿತು. ಕೊನೆಯದಾಗಿ, ಬೀಗ ಹಾಕಿದವನು ಅಂಗಡಿ ಮುಚ್ಚಿ ಹೋಗುವ ದಿನ ಕೀಲಿಯನ್ನು ಮನೆಯವನ ಕೈಗೆ ಕೊಟ್ಟು ಹೋಗಬೇಕು. ಬೀಗವಿಲ್ಲದೆಯೂ ವ್ಯಾಪಾರ ಸಾಧ್ಯವೆಂಬುದನ್ನು 2008ರಿಂದ ಬೀಗರಹಿತ ಆಟಗಳನ್ನೇ ಮಾರುತ್ತ ಬಂದಿರುವ 'ಗಾಗ್' ಎಂಬ ಪೋಲೆಂಡ್ ಮೂಲದ ಅಂಗಡಿ ತೋರಿಸಿದೆ.

ಇಲ್ಲಿಯವರೆಗೆ ಮಾರುವವರ ಧರ್ಮವನ್ನು ಹೇಳಿದ್ದಾಯಿತು. ಆದರೆ ಅಂದು ನನ್ನನ್ನು ಕಾಡಿದ್ದು ಅಳಿಯನ ಸುಳ್ಳು ತಾರೀಖು. "ನೀನು ಯಾರು?" ಎಂಬ ಪ್ರಶ್ನೆಯನ್ನು ಕಾರಣವಿಲ್ಲದೆ ಕೇಳಿದಾಗ, ಉತ್ತರಿಸುವವನಿಗೆ ಸತ್ಯದ ಮೇಲಿನ ಗೌರವವೇ ಸಡಿಲವಾಗುತ್ತದೆ. ಮಗು ವಯಸ್ಸಿನ ಸುಳ್ಳು ಹೇಳುತ್ತದೆ. ದೊಡ್ಡವರಾದ ನಾವು ಇನ್ನೂ ದೊಡ್ಡ ಸುಳ್ಳನ್ನು ಹೇಳುತ್ತೇವೆ: "ಷರತ್ತುಗಳನ್ನೆಲ್ಲ ಓದಿ ಒಪ್ಪಿದ್ದೇನೆ." ಓದಿದವರು ಎಷ್ಟು ಮಂದಿ? ಸಾಕ್ಷ್ಯಪತ್ರಕ್ಕೆ ಓದದೆ ಸಹಿ ಹಾಕುವುದನ್ನು ತಪ್ಪೆಂದು ಬಲ್ಲ ನಾವು ಇದನ್ನು ತಪ್ಪೆಂದು ಭಾವಿಸುವುದೇ ಇಲ್ಲ. ಓದಲಾಗದಷ್ಟು ಉದ್ದವಾದ ಷರತ್ತನ್ನು ಬರೆದವರೂ, ನಾವು ಓದುವುದಿಲ್ಲವೆಂದು ತಿಳಿದೇ ಬರೆದಿರುತ್ತಾರೆ. ಎರಡೂ ಕಡೆಯವರಿಗೆ ಸುಳ್ಳೆಂದು ತಿಳಿದಿರುವ ಮಾತೊಂದು ಇಡೀ ವ್ಯವಹಾರದ ತಳಪಾಯವಾಗಿದೆ.

ಗುರುತಿನ ಪ್ರಶ್ನೆಯನ್ನು ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಕೊಂಡೊಯ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರು 2012ರಲ್ಲಿ ಆಧಾರ್ ಯೋಜನೆಯ ವಿಷಯವಾಗಿ ಸಲ್ಲಿಸಿದ ಅರ್ಜಿಯಿಂದ ಹೊರಟ ವಾದದಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಅಲ್ಲಿ ವಾದವಿದ್ದದ್ದು ಪ್ರಭುತ್ವದೊಡನೆ, ಆಟ ಮಾರುವವರೊಡನೆ ಅಲ್ಲ. ಆದರೂ ಅದರಿಂದ ಹೊಮ್ಮುವ ಅರಿವು ವಿಶಾಲವಾದದ್ದು: ನನ್ನ ಗುರುತನ್ನು ಕೇಳುವವನು ಮೊದಲು ತನ್ನ ಕಾರಣವನ್ನು ಹೇಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ಒಪ್ಪಿಗೆ ಪಡೆದ ಉದ್ದೇಶಕ್ಕೆ ಅವಶ್ಯವಾದಷ್ಟೇ ಮಾಹಿತಿಯನ್ನು ಪಡೆಯಬೇಕೆಂದೂ, ಹದಿನೆಂಟು ತುಂಬದವರ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆ ಬೇಕೆಂದೂ ಹೇಳುತ್ತದೆ. ಅಂದರೆ ಅಳಿಯನ ಸುಳ್ಳಿನಲ್ಲಿ ಮನೆಯ ಹಿರಿಯರಾದ ನಮಗೂ ಪಾಲಿದೆ. ಆ ಖಾತೆಯನ್ನು ಅವನು ತೆರೆಯುವಾಗ ಪಕ್ಕದಲ್ಲಿ ಕುಳಿತು ಓದಬೇಕಾದವರು ನಾವು.

ಗಡಿಯಲ್ಲಿ ಬದುಕುವ ನಮಗೆ "ನೀನು ಯಾರು?" ಎಂಬ ಪ್ರಶ್ನೆ ಹೊಸದಲ್ಲ. 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಗೆ ಸೇರಿದ್ದ ನಾರಾಯಣಖೇಡ ಒಂದೇ ರಾತ್ರಿಯಲ್ಲಿ ಆಂಧ್ರಪ್ರದೇಶದ್ದಾಯಿತು, 2014ರಲ್ಲಿ ತೆಲಂಗಾಣದ್ದಾಯಿತು. ಅರ್ಜಿಗಳು ಬದಲಾದವು, ಕಾಗದದ ಭಾಷೆ ಬದಲಾಯಿತು. ಮನೆಯೊಳಗಿನ ಕನ್ನಡ ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಅಂದು ಅಳಿಯನ ಪರದೆಯ ಮೇಲೆ ಮೂಡಿದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇರಲಿಲ್ಲ, ತೆಲುಗೂ ಇರಲಿಲ್ಲ. ನಮ್ಮನ್ನು ಇಷ್ಟೆಲ್ಲ ಪ್ರಶ್ನಿಸಿದ ಆ ಬಾಗಿಲಿಗೆ ನಮ್ಮ ಮಾತೇ ತಿಳಿಯದು.

ಕೊನೆಯದಾಗಿ, ಸಂಘದ ಹಿರಿಯರಲ್ಲಿ ಒಂದು ವಿನಂತಿ. ಇಂಥ ಬೀಗವನ್ನು ನಮ್ಮ ಸಾಹಿತ್ಯಕ್ಕೆ ನಾವೇ ಹಾಕಿಕೊಂಡದ್ದುಂಟು. ಡಿಟಿಪಿ ಕೇಂದ್ರಗಳಲ್ಲಿ ಕಂಪ್ಯೂಟರಿಗೆ 'ಡಾಂಗಲ್' ಎಂಬ ಪುಟ್ಟ ಕೀಲಿಯನ್ನು ಸಿಕ್ಕಿಸಿದರೆ ಮಾತ್ರ ತೆರೆಯುತ್ತಿದ್ದ ಕನ್ನಡ ಲಿಪಿ ತಂತ್ರಾಂಶಗಳನ್ನು ಹಲವರು ನೆನೆಯಬಲ್ಲರು. ಆ ಕೀಲಿ ಕಳೆದುಹೋದರೆ, ಕೇಂದ್ರ ಮುಚ್ಚಿದರೆ, ಅದರಲ್ಲಿ ಜೋಡಿಸಿದ ಬರಹಗಳು ಕಡತವಾಗಿ ಉಳಿದರೂ ಅಕ್ಷರವಾಗಿ ತೆರೆಯುವುದಿಲ್ಲ. 1991ರಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನವಿದೆ. ಯಾವ ಕೀಲಿಯೂ ಇಲ್ಲದೆ ಯಾವ ಯಂತ್ರದಲ್ಲಿಯೂ ಓದಬಹುದಾದ ದಾರಿ ಅದು. ಈ ಸಂಚಿಕೆಯನ್ನೂ, ಸಿಕ್ಕಷ್ಟು ಹಳೆಯ ಸಂಚಿಕೆಗಳನ್ನೂ ಯೂನಿಕೋಡಿಗೆ ತಂದು, ಖಾತೆ ಕೇಳದ ಕಡತವಾಗಿ ಶಾಲೆಗಳಿಗೂ ಗ್ರಂಥಾಲಯಗಳಿಗೂ ಕೊಡುವ ಕೆಲಸವನ್ನು ಸಂಘ ಕೈಗೆತ್ತಿಕೊಳ್ಳಲಿ. ಬೇರೆಯವರ ಬೀಗವನ್ನು ಪ್ರಶ್ನಿಸುವವರು ತಮ್ಮ ಮನೆಯ ಬೀಗವನ್ನು ಮೊದಲು ತೆಗೆಯಬೇಕು.

ಅಳಿಯ ಹೈದರಾಬಾದಿಗೆ ಮರಳಿದ ವಾರದ ಬಳಿಕ ಫೋನ್ ಮಾಡಿದ. ಎಷ್ಟೋ ಪತ್ರ ಬರೆದ ಮೇಲೆ ಖಾತೆ ತೆರೆಯಿತಂತೆ. "ತಾರೀಖು ಖರೇದು ಹಾಕಿದೇನು?" ಎಂದು ಕೇಳಿದೆ. "ಹಾಕೀನಿ ಮಾಮಾ. ಅಪ್ಪಗ ಹೇಳೇ ಹಾಕೀನಿ," ಎಂದ. ಆಟ ಹೇಗಿದೆಯೆಂದು ಕೇಳಿದೆ. ಚಲೋ ಅದ ಎಂದ, ಮತ್ತೆ ಸ್ವಲ್ಪ ತಡೆದು, "ಮುಂದಿನ ಸಲ ಬೀಗ ಇಲ್ಲದ್ದೇ ನೋಡಿ ತಗೋತೀನಿ. ಊರಿಗೆ ತಂದ್ರ ಎಲ್ಲಾರೂ ಆಡಬೇಕಲ್ಲ," ಎಂದ.